ಹುರಮಂಜಿನ ಕಿಟಕಿ

ರೋಹಿಣಿ ಮಳೆ ಹುಟ್ಟಿ ನಾಲ್ಕು ದಿನವಾಗಿತ್ತು. ರೋಹಿಣಿ ಬಂದರೆ ಓಣಿ ತುಂಬ ಜೋಳ ಎನ್ನುವ ಮಾತಿದೆ; ಆದರೆ ಅದು ಸಂಜೆಗೆ ಗಾಳಿ ಎಬ್ಬಿಸಿ, ನಾಲ್ಕು ಗುಡುಗು ಗುಡುಗಿ, ಒಂದು ತಾಸು ಹೊಡೆದು ಬಿಟ್ಟುಕೊಡುವ ಮಳೆ. ಈ ಸಲದ್ದು ಹಾಗಿರಲಿಲ್ಲ. ಗುಡುಗಿಲ್ಲ, ಮಿಂಚಿಲ್ಲ, ಗಾಳಿಯಿಲ್ಲ. ಆಷಾಢದ ಮಳೆಯೊಂದು ದಾರಿ ತಪ್ಪಿ ಮುಂಚೆಯೇ ಬಂದು ಕೂತಂತೆ ಹಗಲೂ ರಾತ್ರಿ ಒಂದೇ ಸಮ ಹಿಡಿದಿತ್ತು. ಪುಣೆಯ ಹಡಪಸರದ ರಸ್ತೆಯ ತಗ್ಗುಗಳೆಲ್ಲ ತುಂಬಿ, ಎಲ್ಲಿ ರಸ್ತೆ ಎಲ್ಲಿ ಗಟಾರ ಎಂದು ತಿಳಿಯದೆ ರಿಕ್ಷಾಗಳು ಕುಂಟುತ್ತ ಹೋಗುತ್ತಿದ್ದವು.

ಸಿದ್ದಾರೂಢ ಬೆಳಗಿನ ಏಳರ ಪಾಳಿಗೆ ಬಂದು, ತೊಯ್ದ ರೇನ್‌ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ, ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತ. ಮೊದಲ ಕೆಲಸ ಕಿಟಕಿ ತೆರೆಯುವುದು. ಟರ್ಮಿನಲ್ ಎಂಬ ಪ್ರೋಗ್ರಾಮಿನ ಮೂರು ಕಿಟಕಿ, ಪರದೆಯ ಮೇಲೆ ಒಂದರ ಪಕ್ಕ ಒಂದು. ಎಡಗಡೆಯದು ಕೆಮ್ಮಣ್ಣಿನಂಥ ಹುರಮಂಜಿನ ಕೆಂಪು. ನಡುವಿನದು ಎಳೆ ಜೋಳದ ಗರಿಯ ಹಸಿರು. ಬಲಗಡೆಯದು ಕಡುನೀಲಿ. ಕೆಂಪು ಎಂದರೆ ಖರೇ ಸರ್ವರು. ಅಲ್ಲಿ ಒತ್ತಿದರೆ ಹೊಳೆದಂಡೆಯ ಹದಿನಾಲ್ಕು ಊರುಗಳಲ್ಲಿ ಕಂಬದ ಮೇಲಿನ ಸೈರನ್ನು ನಿಜವಾಗಿ ಕೂಗುತ್ತದೆ. ಆ ಕಡೆಯ ಜನ ಅದಕ್ಕೆ ಭೋಂಗಾ ಎನ್ನುತ್ತಾರೆ. ಹಸಿರು ಎಂದರೆ ತಾಲೀಮಿನ ಸರ್ವರು. ಅದೇ ಆಜ್ಞೆ ಕೊಟ್ಟರೆ ಎಲ್ಲವೂ ಕೂಗಿದವು ಎಂದು ಪರದೆ ಹೇಳುತ್ತದೆ, ಒಂದೂ ಕೂಗಿರುವುದಿಲ್ಲ. ನೀಲಿಯಲ್ಲಿ ಅಣೆಕಟ್ಟಿನ ನೀರಿನ ಮಟ್ಟ ಕಾಲು ತಾಸಿಗೊಮ್ಮೆ ಬಂದು ಬೀಳುತ್ತದೆ.

ಟಾಯರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿದ್ದ ಆ ಸಣ್ಣ ಕಂಪನಿಗೆ ಇದ್ದದ್ದು ಇದೊಂದೇ ಗುತ್ತಿಗೆ. ಭೋರದ ಆಚೆ ಗುಡ್ಡದ ಸಂದಿನಲ್ಲಿ ಕರಂಜಖಿಂಡ ಎಂಬ ಅಣೆಕಟ್ಟು. ಅದರ ಬಾಗಿಲು ಎತ್ತುವ ಮುಕ್ಕಾಲು ತಾಸು ಮೊದಲು ಕೆಳಗಿನ ಊರುಗಳಲ್ಲಿ ಭೋಂಗಾ ಊದಬೇಕು. ಊದಿತೆಂದು ಅಣೆಕಟ್ಟಿಗೆ ಫೋನು ಮಾಡಬೇಕು. ಅಷ್ಟೆ.

ಎರಡು ವರ್ಷದ ಹಿಂದೆ ಬಣ್ಣ ಗಿಣ್ಣ ಏನೂ ಇರಲಿಲ್ಲ. ಮೂರೂ ಕಿಟಕಿ ಕರಿ, ಅಕ್ಷರ ಬಿಳಿ. ಒಬ್ಬ ಪುಣ್ಯಾತ್ಮ ತಾಲೀಮು ಎಂದುಕೊಂಡು ಖರೇ ಸರ್ವರಿನ ಮೇಲೆ ಒತ್ತಿದ್ದ. ಹಂಚಿನ ಮೇಲಿನ ರೊಟ್ಟಿ ಹಂಚಿನ ಮೇಲೆಯೇ ಬಿಟ್ಟು ಹೆಂಗಸರು ಓಡಿದರು. ಒಂದೂರಲ್ಲಿ ಮದುವೆ ನಡೆದಿತ್ತು; ವರ ಬಾಸಿಂಗ ಕಟ್ಟಿಕೊಂಡೇ ಗುಡ್ಡ ಹತ್ತಿದ. ಒಂದು ಹನಿ ನೀರೂ ಬರಲಿಲ್ಲ. ಮರುದಿನ ಜನ ಬಂದು ಅಣೆಕಟ್ಟಿನ ಕಚೇರಿಯ ಗಾಜು ಒಡೆದರು.

ಆಗ ಈ ಬಣ್ಣದ ಯೋಚನೆ ಕೊಟ್ಟವನು ಸಿದ್ದಾರೂಢನೇ. ಅವನ ಅಪ್ಪ ಅಥಣಿ ಕಡೆಯಿಂದ ಪುಣೆಗೆ ಬಂದು ಕಂಬಳಿ ಮಾರಿದವನು. ತಾಯಿಯ ತವರಿನವರು ಕುರಿಯ ಹಿಂದೆ ತಿರುಗುವವರು. ಚಿಕ್ಕಂದಿನ ಬೇಸಿಗೆಗಳನ್ನು ಅವನು ಸೋದರಮಾವ ಭೀಮಣ್ಣನ ಹಿಂಡಿನೊಂದಿಗೆ ಕಳೆದಿದ್ದ. ನೀರಿನ ದಡದಲ್ಲಿ ನಾಲ್ಕು ಹಿಂಡು ಕೂಡಿದರೆ ಯಾರ ಕುರಿ ಯಾರದು? ಭೀಮಣ್ಣನವಕ್ಕೆ ಕತ್ತಿನ ಮೇಲೆ ಹುರಮಂಜಿನ ಪಟ್ಟೆ, ಇನ್ನೊಬ್ಬನವಕ್ಕೆ ಬೆನ್ನಿಗೆ ನೀಲಿ, ಮತ್ತೊಬ್ಬನವಕ್ಕೆ ಬಾಲದ ಬುಡಕ್ಕೆ ಹಸಿರು. ಬಣ್ಣ ನೋಡಿ ಬೇರ್ಪಡಿಸಿದರೆ ಮುಗಿಯಿತು. ಅದನ್ನೇ ಅವನು ಕಿಟಕಿಗೆ ತಂದ. ಕಂಪನಿಯ ಒಡತಿ ನೀತಾ ಮೇಡಂ ಮೆಚ್ಚಿ ಎಲ್ಲ ಕಂಪ್ಯೂಟರಿಗೂ ಅದೇ ಬಣ್ಣ ಹಾಕಿಸಿದರು. ಮೆಚ್ಚಿದ್ದೇ ತಡ, ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಪ್ರತಿ ಸಾಲಿನ ಮೊದಲಲ್ಲಿ ಸರ್ವರಿನ ಉದ್ದ ಹೆಸರು ಬರುತ್ತಿತ್ತು, ಅರ್ಧ ಸಾಲು ಅದೇ ತಿನ್ನುತ್ತಿತ್ತು. "ಬಣ್ಣ ಇದ್ದಮ್ಯಾಲ ಹೆಸರು ಯಾಕ? ತಗೀರಿ ಅದನ್ನ," ಎಂದು ತೆಗೆಸಿಹಾಕಿದ. ಅಂದಿನಿಂದ ಆ ಕಚೇರಿಯಲ್ಲಿ ಯಾರೂ ಹೆಸರು ಓದಿದವರಲ್ಲ. ಕೆಂಪು, ಹಸಿರು, ನೀಲಿ, ಇಷ್ಟೇ.

ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಅವನ ಮೊಬೈಲು ಹೊಡೆಯಿತು. ಭೀಮಣ್ಣ.

"ಏನೋ ಭೋಂಗಾದ ಸಾಹೇಬಾ, ಉಂಡಿ ಏನು?"

"ಈಗ ಯಾರು ಉಣ್ತಾರ ಮಾಮಾ? ಚಹಾ ಆಗೇದ. ನೀವು ಎಲ್ಲಿದ್ದೀರಿ?"

"ಕೊಂಕಣದಿಂದ ಘಾಟ ಹತ್ತಿ ಬಂದೀವಿ. ಮಿರುಗದ ಮಳಿ ಕೂಡೂದರಾಗ ಊರು ಮುಟ್ಟೂದು ಅಂತಿದ್ವಿ, ಈ ಹಾಳ ಮಳಿ ನಡುವ ಹಿಡೀತು. ಪಾಂಗಾರವಾಡಿ ಹೊಳಿಯಾಗ ಇಳದೀವಿ."

ಸಿದ್ದಾರೂಢ ನೆಟ್ಟಗೆ ಕೂತ. "ಹೊಳಿಯಾಗ?"

"ಹೊಳಿಯಾಗ ಅಂದ್ರ ನೀರಾಗ ಅಲ್ಲೋ ಹುಚ್ಚಪ್ಪಾ. ನಡಗಡ್ಡಿ ಅದ ಅಲ್ಲ, ಹುಲ್ಲಿಂದು, ಅಲ್ಲಿ. ಹೊಲದಾಗ ಯಾರೂ ನಿಲ್ಲಾಕ ಕೊಡವಲ್ರು. ಭತ್ತದ ಸಸಿ ಹಾಕೇವಿ, ನಿಮ್ಮ ಕುರಿ ತುಳೀತಾವ ಅಂತಾರ. ಅವರದೂ ಖರೇ. ನಮ್ಮವು ನೂರಾ ಎಂಬತ್ತು ಅದಾವ, ಮ್ಯಾಲ ಮರಿ ಮೂವತ್ತು. ಎಂಟು ದಿನದ ಮರಿ, ರಾಡ್ಯಾಗ ನಡೀತಾವೇನು? ಇವತ್ತೊಂದಿನ ಇದ್ದು ನಾಳಿಗೆ ಎದ್ದು ಹೋಗ್ತೀವಿ. ಅದನ್ನ ಕೇಳಾಕ ಫೋನ ಹಚ್ಚೇನಿ. ನೀರು ಬಿಡತಾರೇನು?"

ಸಿದ್ದಾರೂಢ ನೀಲಿ ಕಿಟಕಿ ನೋಡಿದ. ಮಟ್ಟ ಇನ್ನೂ ಎರಡು ಮೀಟರು ಕೆಳಗಿತ್ತು. ಅಣೆಕಟ್ಟಿನ ಅವಧೂತ ಬೆಳಿಗ್ಗೆಯೇ ಹೇಳಿದ್ದ, ಇನ್ನೆರಡು ದಿನ ಚಿಂತೆಯಿಲ್ಲ ಎಂದು.

"ಇವತ್ತು ಬಿಡೂದಿಲ್ಲ ಅನಸ್ತದ. ಬಿಟ್ಟರೂ ಮೊದಲ ಭೋಂಗಾ ಆಗತದ."

"ಎಷ್ಟು ಮೊದಲ? ಅದನ್ನ ಹೇಳು. ಮರಿ ಸುತ್ತ ಕಟ್ಟಿದ ಜಾಳಗಿ ಕೀಳಬೇಕು, ಮರಿ ಜೋಳಿಗ್ಯಾಗ ತುಂಬಬೇಕು, ಕುದರಿ ಮ್ಯಾಲ ಹೇರಬೇಕು, ಆಮ್ಯಾಲ ಇವನ್ನೆಲ್ಲಾ ಹೊಳಿ ದಾಟಿಸಿ ದಂಡಿ ಹತ್ತಿಸಬೇಕು. ನಾವು ಇಬ್ಬರ ಮುದುಕರು. ಒಂದ ತಾಸು ಬೇಕ. ಕಮ್ಮಿ ಆದ್ರ ಆಗೂದಿಲ್ಲ."

"ನೀರು ನಿಮ್ಮ ತನಕ ಬರಾಕ ಒಂದು ತಾಸಿನ ಮ್ಯಾಲ ಸಿಗತದ ಮಾಮಾ. ಮೂರರ ತನಕ ನಾನ ಪಾಳಿಮ್ಯಾಲ ಇದ್ದೀನಿ. ನನ್ನ ಕೈಲೆ ಊದತೀನಿ. ಮಾತು ಕೊಟ್ಟೆ, ಹೋಗ್ರಿ."

"ಕೊಟ್ಟಿ ಅಲ್ಲ? ಮುಗೀತು." ಭೀಮಣ್ಣ ಫೋನಿನಿಂದ ಮುಖ ತಿರುಗಿಸಿ ಹೆಂಡತಿಗೆ ಕೂಗಿದ. "ಏ ಪಾರೂ, ಅಳಿಯ ಮಾತು ಕೊಟ್ಟಾನ. ಒಲಿ ಹಚ್ಚು."

ದೂರದಿಂದ ಪಾರವ್ವನ ದನಿ ಬಂತು. "ಅವನ್ನ ನಂಬತೀರಿ? ಸಣ್ಣಾಂವ ಇದ್ದಾಗ ಮರಿ ಕಾಯಾಕ ಕೂಡಿಸಿದ್ರ ಮರಿ ನಡುವ ತಾನ ಮಲಗತಿದ್ದ!"

ಮೂವರೂ ನಕ್ಕರು. ಫೋನು ಇಟ್ಟ ಮೇಲೂ ಸಿದ್ದಾರೂಢನ ತುಟಿಯ ಮೇಲೆ ನಗು ಇತ್ತು.

ಹತ್ತೂವರೆಗೆ ಕರೆಂಟು ಹೋಗಿ ಐದು ನಿಮಿಷದಲ್ಲಿ ಬಂತು. ಆಗಲೇ ಅಭಿಲಾಷ ಬಂದ. ಮಂಡ್ಯದ ಕಡೆಯ ಹುಡುಗ, ವಾಕಡದಲ್ಲಿ ಮನೆ. ಈ ನೀರಿನಲ್ಲಿ ಎರಡು ತಾಸು ಹಾದಿ ಸವೆಸಿ ಮೊಳಕಾಲ ತನಕ ತೊಯ್ದಿದ್ದ. ಬುಧವಾರ, ಹನ್ನೊಂದಕ್ಕೆ ವಾರದ ತಾಲೀಮು. ಸಿದ್ದಾರೂಢ ಡಬ್ಬಿ ಬಿಚ್ಚಿಕೊಂಡು ಜೋಳದ ಭಾಕರಿಗೆ ಶೇಂಗಾ ಚಟ್ನಿ ಹಚ್ಚುತ್ತಿದ್ದ, ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟ.

"ಸರ್, ಗ್ರೀನ್ ವಿಂಡೋ ಹ್ಯಾಂಗ್ ಆಗ್ಬಿಟ್ಟಿದೆ. ಕರೆಂಟ್ ಹೋಗಿ ಬಂತಲ್ಲ, ಕನೆಕ್ಟೇ ಆಗ್ತಿಲ್ಲ. ರೆಡ್ ಒಳಗಿಂದಾನೇ ಟೆಸ್ಟ್ ಸರ್ವರ್‌ಗೆ ಲಾಗಿನ್ ಆಗಿ ಡ್ರಿಲ್ ಮುಗಿಸಿಬಿಡ್ಲಾ? ಎರಡೇ ನಿಮಿಷ."

ಸಿದ್ದಾರೂಢನ ಬಾಯಿ ತುಂಬ ಭಾಕರಿ ಇತ್ತು. ತಲೆಯಾಡಿಸಿದ. ಏನೋ ಒಂದು ಮಾತು ಗಂಟಲ ತನಕ ಬಂದಿತ್ತು. ಖಾರ ನೆತ್ತಿಗೇರಿ ನೀರು ಕುಡಿಯುವಷ್ಟರಲ್ಲಿ ಆ ಮಾತು ಎಲ್ಲಿ ಹೋಯಿತೋ.

ಅಭಿಲಾಷ ಕೆಂಪು ಕಿಟಕಿಯೊಳಗಿಂದಲೇ ತಾಲೀಮಿನ ಸರ್ವರಿಗೆ ದಾಟಿದ. ಒಂದು ಮನೆಯ ಹಿತ್ತಿಲಿನಿಂದ ಪಕ್ಕದ ಮನೆಗೆ ಹೋದ ಹಾಗೆ. ಆಜ್ಞೆ ಕೊಟ್ಟ. ಹದಿನಾಲ್ಕಕ್ಕೆ ಹದಿನಾಲ್ಕು ಎಂದು ಪರದೆ ಹೇಳಿತು. ಇನ್ನು ಅಲ್ಲಿಂದ ಹೊರಗೆ ಬರಬೇಕು, ಅಷ್ಟರಲ್ಲಿ ಅವನ ಫೋನು ಹೊಡೆಯಿತು.

"ಸರ್, ನಮ್ಮ ಮಗು ಚಿನ್ನು ಸಮ್ಮರ್ ಕ್ಯಾಂಪಿಂದ. ರೋಡಲ್ಲಿ ನೀರು ಬಂತು ಅಂತ ಮಕ್ಕಳನ್ನ ಬಿಟ್ಬಿಟ್ರಂತೆ. ಮನೇಲಿ ಯಾರೂ ಇಲ್ಲ ಸರ್, ಇವಳು ಆಫೀಸಲ್ಲಿ..."

"ಹೋಗು ಹೋಗು. ಕೂಸು ಮೊದಲ. ಇಲ್ಲಿ ನಾ ಅದೀನಲ್ಲ."

ಅಭಿಲಾಷ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಇಳಿದು ಓಡಿದ. ಸ್ವಲ್ಪ ಹೊತ್ತಿಗೆ ಹಸಿರು ಕಿಟಕಿ ತಾನಾಗಿಯೇ ಸರಿಹೋಯಿತು. ಸಿದ್ದಾರೂಢ ಕೈ ತೊಳೆದು ಬಂದು ಕೂತಾಗ ಮೂರೂ ಬಣ್ಣ ತಮ್ಮ ತಮ್ಮ ಜಾಗದಲ್ಲಿದ್ದವು. ಕಿಟಕಿಗೆ ಬಣ್ಣ ಬಳಿಯುವುದು ಮೇಜಿನ ಮೇಲಿನ ಈ ಕಂಪ್ಯೂಟರು. ಆಚೆ ತುದಿಯಲ್ಲಿ ಯಾವ ಸರ್ವರು ಕೂತಿದೆ ಎಂಬುದು ಆ ಬಣ್ಣಕ್ಕೆ ಗೊತ್ತಾಗುವುದಿಲ್ಲ. ಕೆಂಪು ಕೆಂಪಾಗಿಯೇ ಇತ್ತು. ಅದರ ಹಿಂದೆ ಈಗ ಇದ್ದದ್ದು ತಾಲೀಮು. ಅದನ್ನು ಹೇಳಬಹುದಾಗಿದ್ದ ಹೆಸರನ್ನು ಅವನೇ ತೆಗೆಸಿದ್ದ.

ಮಧ್ಯಾಹ್ನದ ಹೊತ್ತಿಗೆ ನೀಲಿ ಕಿಟಕಿಯ ಅಂಕಿಗಳು ಬೇರೆ ನಡಿಗೆ ಹಿಡಿದವು. ಕಾಲು ತಾಸಿಗೆ ಅರ್ಧ ಬೆರಳು ಏರುತ್ತಿದ್ದ ನೀರು ಈಗ ಗೇಣು ಏರಿತು. ಮುಂದಿನ ಕಾಲು ತಾಸಿಗೆ ಒಂದೂವರೆ ಗೇಣು. ಗುಡ್ಡದ ಮೇಲೆ ಎಲ್ಲೋ ಒಂದೇ ಕಡೆ ಸುರಿದಿರಬೇಕು. ಒಂದೂ ಮೂವತ್ತೆಂಟಕ್ಕೆ ಅವಧೂತನ ಫೋನು. ಯಾವಾಗಲೂ ನಾಲ್ಕು ಚೇಷ್ಟೆಯ ಮಾತಿಲ್ಲದೆ ಶುರು ಮಾಡದ ಮನುಷ್ಯ, ಇವತ್ತು ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದ: "ಸಿದ್ದೂಭಾವು, ಪಾಣಿ ಫಾರ್ ವಾಢಲಂಯ, ನೀರು ಬಹಳ ಏರಿದೆ. ಸಾಹೇಬರ ಹುಕುಂ ಆಯಿತು. ಎರಡೂವರೆಗೆ ಎರಡು ಬಾಗಿಲು ಎತ್ತುತ್ತೇವೆ. ಊದು."

ಸಿದ್ದಾರೂಢನ ಕಣ್ಣ ಮುಂದೆ ನಡುಗಡ್ಡೆ ಬಂತು, ಹುಲ್ಲು ಬಂತು, ಮರಿಗಳು ಬಂದವು. ಆದರೆ ಗಾಬರಿಯಾಗಲಿಲ್ಲ. ಈ ಗಳಿಗೆಗಾಗಿಯೇ ಅಲ್ಲವೇ ತಾನು ಇಲ್ಲಿ ಕೂತಿರುವುದು? ಕುರ್ಚಿ ಎಳೆದುಕೊಂಡು ಕೆಂಪು ಕಿಟಕಿಗೆ ಬಂದ. ಬಣ್ಣವನ್ನು ಎರಡು ಸಲ ನೋಡಿದ. ಕೆಂಪೇ. ಆಜ್ಞೆ ಬರೆದ. ಖರೇನಾ ಎಂದು ಅದು ಕೇಳಿತು. ಹೌದು ಎಂದು ಒತ್ತಿದ. ಒಂದರ ಕೆಳಗೊಂದು ಊರಿನ ಹೆಸರು ಇಳಿಯತೊಡಗಿದವು, ಪ್ರತಿಯೊಂದರ ಮುಂದೆ 'ಆಯಿತು'. ಒಂಬತ್ತನೆಯದು ಪಾಂಗಾರವಾಡಿ. ಆಯಿತು. ಹದಿನಾಲ್ಕಕ್ಕೆ ಹದಿನಾಲ್ಕು. ಗಡಿಯಾರದಲ್ಲಿ ಒಂದೂ ನಲವತ್ತನಾಲ್ಕು.

"ಊದೇನಿ," ಎಂದು ಅವಧೂತನಿಗೆ ತಿಳಿಸಿ, ಭೀಮಣ್ಣನಿಗೆ ಫೋನು ಹಚ್ಚಿದ. ಹತ್ತಲಿಲ್ಲ. ಮಳೆಯಲ್ಲಿ ಆ ಕಣಿವೆಯಲ್ಲಿ ರೇಂಜು ಸಿಗುವುದು ಅಷ್ಟಕ್ಕಷ್ಟೆ. ಎರಡು ಮೈಲಿಗೆ ಕೇಳಿಸುವ ಭೋಂಗಾ ಕೂಗುವಾಗ ಫೋನು ಯಾಕೆ ಎಂದುಕೊಂಡ. ಇಷ್ಟೊತ್ತಿಗೆ ಮಾಮಾ ಬೈಯುತ್ತ ಜಾಳಿಗೆ ಕೀಳುತ್ತಿರಬೇಕು, ಅತ್ತೆ ಒಲೆಯ ಮೇಲಿನ ಗಡಿಗೆ ಚೆಲ್ಲಿ ಅದಕ್ಕೊಂದು ಬೈಗುಳ ಸೇರಿಸುತ್ತಿರಬೇಕು. ಕೆಳಗಿನಿಂದ ಚಹಾ ತರಿಸಿಕೊಂಡ.

ಚಹಾ ಮುಗಿಯಿತು. ಕಚೇರಿಯ ಫೋನು ಸುಮ್ಮನಿತ್ತು.

ಅದು ಸುಮ್ಮನಿರುವ ಫೋನಲ್ಲ. ಭೋಂಗಾ ಊದಿದ ಐದು ನಿಮಿಷದೊಳಗೆ ಯಾರಾದರೂ ಬೈಯಲು ಫೋನು ಮಾಡಲೇಬೇಕು. ಪಾಂಗಾರವಾಡಿಯ ಶಾಲೆಯ ಮಾಸ್ತರರು ತಪ್ಪಿದವರೇ ಅಲ್ಲ, "ಎರಡನೇ ಇಯತ್ತೆಯ ಪೋರ ಚಡ್ಡಿಯಲ್ಲೇ ಮಾಡಿಕೊಂಡಿತು, ತೊಳೆಯಲು ನೀವು ಬರ್ತೀರಾ?" ಎಂದು ಕೇಳುವರು. ಡೇರಿಯವನು ಹಾಲು ಕೊಡುವ ಎಮ್ಮೆ ಒದ್ದಿತೆಂದು ಜಗಳ ತೆಗೆಯುವನು. ಎಷ್ಟು ನೀರು, ಎಷ್ಟೊತ್ತಿಗೆ, ಸೇತುವೆ ಮುಳುಗುತ್ತದೋ ಎಂದು ಕೇಳುವವರು ಬೇರೆ. ಆ ಬೈಗುಳ ಕೇಳುವುದೂ ಪಾಳಿಯ ಕೆಲಸವೇ ಆಗಿತ್ತು. ಇವತ್ತು ಒಬ್ಬನೂ ಇಲ್ಲ.

ಮಳೆಗೆ ಲೈನು ಕೆಟ್ಟಿರಬಹುದು ಎಂದುಕೊಂಡು ರಿಸೀವರು ಎತ್ತಿ ನೋಡಿದ. ಲೈನು ಇತ್ತು. ಕಿಟಕಿಯಾಚೆ ಮಳೆ ಅದೇ ಸಮನೆ ಬೀಳುತ್ತಿತ್ತು. ಟಾಯರ್ ಅಂಗಡಿಯ ಸುತ್ತಿಗೆಯ ಸಪ್ಪಳವೂ ನಿಂತಿತ್ತು. ಎರಡೂ ಹತ್ತಾಯಿತು. ಭೀಮಣ್ಣನ ಫೋನು ಹತ್ತಲಿಲ್ಲ. ಮಾಸ್ತರರದು ಹೊಡೆದು ಹೊಡೆದು ಕಡಿಯಿತು. ಡೇರಿಯವನದು ಬಂದ್. ಪರದೆ ನೋಡಿದ. ಕೆಂಪು ಕಿಟಕಿಯಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕು ಹಾಗೆಯೇ ನಿಂತಿತ್ತು, ಮಿಸುಕದೆ.

ಎರಡೂ ಇಪ್ಪತ್ತಮೂರಕ್ಕೆ ಕೆಳಗಿನ ಇನ್ನೊಂದು ಊರಿನ ಹಿಟ್ಟಿನ ಗಿರಣಿಯವನು ಸಿಕ್ಕ.

"ಭೋಂಗಾ? ಯಾವ ಭೋಂಗಾ? ಕಂಬ ನನ್ನ ಗಿರಣಿ ಮೇಲೇ ಇದೆಯಪ್ಪ, ಊದಿದರೆ ನನ್ನ ಹಲ್ಲು ಅಲುಗಾಡುತ್ತವೆ. ಇವತ್ತು ಮಳೆ ಸಪ್ಪಳ ಬಿಟ್ಟರೆ ಏನೂ ಇಲ್ಲ."

ಸಿದ್ದಾರೂಢ ಫೋನು ಇಟ್ಟು ಕೀಬೋರ್ಡಿಗೆ ಬಂದ. ಕಿಟಕಿಯನ್ನು 'ನೀನು ಯಾರು' ಎಂದು ಕೇಳುವ ಸಣ್ಣದೊಂದು ಆಜ್ಞೆಯಿದೆ. ಎರಡು ವರ್ಷದಿಂದ ಯಾರೂ ಕೇಳಿರಲಿಲ್ಲ. ಅದನ್ನು ಬರೆದ. ಹುರಮಂಜಿನ ನೆಲದ ಮೇಲೆ ಬಿಳಿ ಅಕ್ಷರದಲ್ಲಿ ಉತ್ತರ ಬಂತು: ತಾಲೀಮು.

ಹಿಂಡು ಬೇರ್ಪಡಿಸುವಾಗ ಭೀಮಣ್ಣ ಬಣ್ಣ ನೋಡಿ ಕುರಿಯನ್ನು ಹತ್ತಿರ ಎಳೆಯುತ್ತಿದ್ದನೇ ಹೊರತು ಬಣ್ಣ ನೋಡಿ ಒಯ್ಯುತ್ತಿರಲಿಲ್ಲ. ಎಳೆದ ಮೇಲೆ ಕಿವಿ ಹಿಡಿದು, ಮರಿಯಿದ್ದಾಗ ಕತ್ತರಿಸಿದ ಕಚ್ಚನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಬಣ್ಣ ಯಾರು ಬೇಕಾದರೂ ಬಳಿಯಬಹುದು, ಮಳೆಗೆ ಒಂದರದು ಇನ್ನೊಂದಕ್ಕೆ ಹತ್ತಬಹುದು. ಇದೆಲ್ಲ ಸಿದ್ದಾರೂಢನಿಗೆ ಗೊತ್ತಿತ್ತು. ಕಣ್ಣಾರೆ ನೋಡಿದ್ದ. ಊರಿಂದ ಬಣ್ಣ ತಂದವನು ಕಿವಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದ.

ತಾಲೀಮಿನಿಂದ ಹೊರಗೆ ಬಂದ. ಕಿಟಕಿಯ ಬಣ್ಣ ಎಳ್ಳಷ್ಟೂ ಬದಲಾಗಲಿಲ್ಲ. ನೀನು ಯಾರು ಎಂದು ಕೇಳಿದ. ಖರೇ ಸರ್ವರಿನ ಹೆಸರು ಬಂತು. ನಂಬಿಕೆ ಬರದೆ ಮತ್ತೊಮ್ಮೆ ಕೇಳಿದ. ಒತ್ತಿದ. ಎರಡೂ ಇಪ್ಪತ್ತೇಳು.

ಎರಡೇ ನಿಮಿಷಕ್ಕೆ ಕಚೇರಿಯ ಫೋನು ಬಡಿದುಕೊಳ್ಳತೊಡಗಿತು. ಅದನ್ನು ಬಿಟ್ಟು ಮೊಬೈಲಿನಲ್ಲಿ ಅವಧೂತನಿಗೆ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಬಾಗಿಲಿನ ಮೋಟಾರು ಶುರುವಾದರೆ ಅಲ್ಲಿ ಪಕ್ಕದವನ ಕೂಗೂ ಕೇಳುವುದಿಲ್ಲ. ಎರಡೂ ಮೂವತ್ತಾರಕ್ಕೆ ಅವಧೂತ ತಾನೇ ಫೋನು ಮಾಡಿದ. "ಎತ್ತಿ ಆಯಿತು ಭಾವು. ಯಾಕೆ, ಇಷ್ಟು ಸಲ?"

"ಇಳಸು! ಬಾಗಿಲಾ ಇಳಸು!" ಸಿದ್ದಾರೂಢ ಕನ್ನಡದಲ್ಲಿ ಕೂಗಿದ. ಆಮೇಲೆ ಮರಾಠಿಯಲ್ಲಿ ಕೂಗಿದ.

"ಹೋದ ನೀರು ಹೋಯಿತಲ್ಲಪ್ಪ," ಅಂದ ಅವಧೂತ.

ಪಾಂಗಾರವಾಡಿಗೆ ಆ ನೀರು ಎರಡೂ ಐವತ್ತಕ್ಕೆ ಮುಟ್ಟಬೇಕು. ಸಿದ್ದಾರೂಢ ಗಡಿಯಾರದ ಎದುರು ನಿಂತೇ ಇದ್ದ. ಐವತ್ತಾಯಿತು. ಐವತ್ತೊಂದಾಯಿತು. ಮಳೆ ಮಾತ್ರ ಅದೇ ಸಮನೆ.

ಮೂರಕ್ಕೆ ಪಾಳಿ ಬದಲಾಯಿತು. ರೇನ್‌ಕೋಟು ಹಾಕಿಕೊಳ್ಳುತ್ತಿರುವಾಗ ನೀತಾ ಮೇಡಂ ಅವರ ಫೋನು ಬಂತು. ಆಕೆ ಮನೆಯಿಂದಲೇ ಎಲ್ಲ ದಾಖಲೆ ನೋಡಿ ಆಗಿತ್ತು. ದನಿ ತಣ್ಣಗಿತ್ತು, ಮರಾಠಿ ಮೆತ್ತಗಿತ್ತು.

"ಸಿದ್ದಾರೂಢಜೀ, ಒಂದೂ ನಲವತ್ತನಾಲ್ಕಕ್ಕೆ ಹದಿನಾಲ್ಕಕ್ಕೆ ಹದಿನಾಲ್ಕು ಅಂತ ದಾಖಲೆ ಇದೆ. ಅದನ್ನೇ ಸರಕಾರಕ್ಕೆ ಕಳಿಸುತ್ತೇನೆ. ಎರಡೂ ಇಪ್ಪತ್ತೇಳರದ್ದು ಎರಡನೇ ಎಚ್ಚರಿಕೆ. ಒಂದರ ಬದಲು ಎರಡು ಸಲ ಊದಿದೆವು, ಒಳ್ಳೆಯದೇ ಅಲ್ಲವೇ?"

"ಮೇಡಂ, ಅದು ತಾಲೀಮಿನ..."

"ಯಾವ ಸರ್ವರಿನ ದಾಖಲೆ ಅಂತ ಯಾರು ಕೇಳುತ್ತಾರೆ? ಹೆಸರು ಎಲ್ಲೂ ಬರುವುದಿಲ್ಲ, ನೀವೇ ತೆಗೆಸಿದ್ದೀರಿ. ಆ ಹುಡುಗನಿಗೂ ಸಣ್ಣ ಮಗುವಿದೆ. ಮನೆಗೆ ಹೋಗಿ, ಬಿಸಿ ಏನಾದರೂ ಕುಡಿಯಿರಿ."

ಪಾಂಗಾರವಾಡಿಯ ರಸ್ತೆ ಮರುದಿನ ಬೆಳಗಿನ ತನಕ ಬಂದ್ ಇತ್ತು. ಬೆಳಕು ಹರಿಯುತ್ತಲೇ ಸಿದ್ದಾರೂಢ ಗಾಡಿ ತೆಗೆದ. ಭೋರದ ಹತ್ತಿರ ಮಳೆ ನಿಂತಿತ್ತು. ಹೊಳೆ ಇನ್ನೂ ದಂಡೆಯ ಜಾಲಿಗಿಡಗಳ ನಡುಮಟ್ಟಕ್ಕಿತ್ತು. ನಡುಗಡ್ಡೆ ಇದ್ದಲ್ಲಿ ನೀರು ಸುಳಿ ಸುತ್ತುತ್ತಿತ್ತು. ಊರಿನ ಜನಕ್ಕೆ ಏನೂ ಆಗಿರಲಿಲ್ಲ. ಅವರು ಓಡಿ ರೂಢಿಯಾದವರು.

ಉಳಿದ ಹಿಂಡು ಶಾಲೆಯ ಬಯಲಲ್ಲಿತ್ತು. ಎಂಬತ್ತೇಳು. ಮರಿ ಒಂದೂ ಇರಲಿಲ್ಲ.

ಭೀಮಣ್ಣ ಕಂಬಳಿ ಹೊದ್ದು ಶಾಲೆಯ ಕಟ್ಟೆಯ ಮೇಲೆ ಕೂತಿದ್ದ. ಅವನ ಎದುರು ಊರಿನ ಲೆಕ್ಕ ಬರೆಯುವ ತಲಾಠಿ ಕಾಗದ ಹರವಿಕೊಂಡು ಪಂಚನಾಮೆ ಬರೆಯುತ್ತಿದ್ದ. ಅಳಿಯನನ್ನು ಕಂಡು ಮುದುಕ ಎದ್ದ.

"ಬಂದೀ? ಬಾ. ಸಾಹೇಬ್ರ, ಇವನ ನೋಡ್ರಿ ನಮ್ಮ ಅಳಿಯ. ಭೋಂಗಾ ಊದಿದಾಂವ." ಸಿದ್ದಾರೂಢನ ತೋಳು ಹಿಡಿದುಕೊಂಡ. ಕೈ ಬಿಸಿಯಾಗಿತ್ತು, ಜ್ವರ ಬಂದಿರಬೇಕು. "ಅದ ಕೂಗಿದ್ದಕ್ಕ ನಾವಿಬ್ಬರು ಉಳದೀವೋ. ಇಲ್ಲಂದ್ರ ಜಾಳಗಿ ಸುದ್ದಾ ಹೋಗತಿದ್ವಿ. ನಾ ಮುಕ್ಕಾಲು ಹಿಂಡು ದಾಟಿಸಿದ್ದೆ. ಮರಿ ಆಕಡೆ ಜಾಳಗ್ಯಾಗ ಇದ್ವು. ಅವು ಒದರಾಕ ಹತ್ತಿದ್ವು, ದಾಟಿದ ತಾಯಿಗೋಳು ಹೊಳ್ಳಿ ಹೋದ್ವು. ಬಡದ್ರೂ ನಿಲ್ಲಲಿಲ್ಲ. ಅವನ್ನ ನೋಡಿ ಇನ್ನಷ್ಟು ಹೋದ್ವು. ಕುರಿ ಅಲ್ಲಾ, ಒಂದು ಹೋದಲ್ಲಿ ಎಲ್ಲಾ."

ತಲಾಠಿ ಕಾಗದದಿಂದ ತಲೆಯೆತ್ತಿದ. ಅವನು ಮರಾಠಿಯಲ್ಲಿ, ಬೇಸರವೂ ಇಲ್ಲದೆ ಮರುಕವೂ ಇಲ್ಲದೆ ಹೇಳಿದ: "ಅಜ್ಜಾ, ಕಂಪನಿಯ ಕಾಗದ ಬಂದಿದೆ. ಒಂದೂ ನಲವತ್ತನಾಲ್ಕಕ್ಕೆ ಊದಿದ್ದಾರೆ. ನೀರು ಬಂದದ್ದು ಎರಡೂ ಐವತ್ತಕ್ಕೆ. ಒಂದು ತಾಸಿನ ಮೇಲೆ ಹೊತ್ತಿತ್ತು. ಅಷ್ಟು ಹೊತ್ತು ಏಳದೆ ಕೂತಿದ್ದರೆ ಸರಕಾರ ಏನು ಮಾಡುತ್ತದೆ? ತಪ್ಪು ನಿಮ್ಮದೇ ಅಂತ ಬರೆಯಬೇಕಾಗುತ್ತದೆ."

"ಒಂದ ತಾಸು?" ಭೀಮಣ್ಣ ಹಣೆ ಗಂಟು ಹಾಕಿದ. "ನಾವು ಕೇಳಿದ್ದು ಒಂದ ಸಲ. ಕೇಳಿದ್ದ ತಡ ಎದ್ದೀವಿ. ಗಂಗಾಳದಾಗಿನ ರೊಟ್ಟಿ ಸುದ್ದಾ ಮುರದಿರಲಿಲ್ಲ." ನಿಧಾನ ಕೂತ. "ಮೊದಲನೇದು ನಮಗ ಕೇಳಸಲಿಲ್ಲೋ ಏನೋ. ಮಳಿ ಇತ್ತು. ವಯಸ್ಸಾತು, ಕಿವಿ ಮಂದ ಆಗ್ಯಾವ. ಅಳಿಯ ಮಾತು ಕೊಟ್ಟಿದ್ದ, ಊದಿರಬೇಕು. ನಮ್ಮದ ತಪ್ಪು ಇದ್ದೀತು. ಅಲ್ಲೇನೋ ಸಿದ್ದೂ?"

ಸಿದ್ದಾರೂಢ ಹೊಳೆಯ ಕಡೆ ನೋಡಿದ. ಹೌದು ಎಂದರೆ ಸಾಕಿತ್ತು. ಹೌದು ಎನ್ನಲೂ ಬೇಕಾಗಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ತಲಾಠಿ ಪೆನ್ನು ಕಾಗದಕ್ಕೆ ಹಚ್ಚಿದ್ದ.

"ಊದಿರಲಿಲ್ಲ ಮಾಮಾ," ಅಂದ. ಆಮೇಲೆ ತಲಾಠಿಗೆ ಮರಾಠಿಯಲ್ಲಿ ಹೇಳಿದ. "ಬರಕೊಳ್ಳಿ. ಒಂದೂ ನಲವತ್ತನಾಲ್ಕಕ್ಕೆ ನಾನು ಒತ್ತಿದ್ದು ತಾಲೀಮಿನ ಸರ್ವರಿನ ಮೇಲೆ. ಕಿಟಕಿ ಕೆಂಪಗಿತ್ತು, ಹೆಸರು ನೋಡಲಿಲ್ಲ. ಒಂದೂ ಭೋಂಗಾ ಕೂಗಲಿಲ್ಲ. ಕೂಗಿದ್ದು ಎರಡೂ ಇಪ್ಪತ್ತೇಳಕ್ಕೆ. ಹೆಸರು ಕಾಣದ ಹಾಗೆ ತೆಗೆಸಿದವನೂ ನಾನೇ. ಸಹಿ ಎಲ್ಲಿ ಮಾಡಲಿ?"

ತಲಾಠಿ ಅವನ ಮುಖವನ್ನೇ ನೋಡಿದ. ಇನ್ನೊಂದು ಕಾಗದ ತೆಗೆದ. ಬರೆದ, ಓದಿ ಹೇಳಿದ, ಸಹಿ ಮಾಡಿಸಿಕೊಂಡ. ಅಷ್ಟೂ ಹೊತ್ತು ಭೀಮಣ್ಣ ಅಳಿಯನ ಬೆರಳುಗಳನ್ನು ನೋಡುತ್ತಿದ್ದ. ತಲಾಠಿ ಛತ್ರಿ ಬಿಚ್ಚಿಕೊಂಡು ಹೋದ ಮೇಲೆ ಕೇಳಿದ:

"ಅಂದ್ರ ನಮಗ ಇದ್ದದ್ದು ಎಷ್ಟು ಹೊತ್ತು?"

"ಇಪ್ಪತ್ತಮೂರು ನಿಮಿಷ."

ಭೀಮಣ್ಣ ತಲೆಯಾಡಿಸಿದ. ಅಳಿಯನ ತೋಳಿನ ಮೇಲಿದ್ದ ಕೈ ಯಾವಾಗ ತೆಗೆದಿದ್ದನೋ, ಈಗ ಅದು ಕಂಬಳಿಯೊಳಗಿತ್ತು.

"ನಾ ತುಂಬಿ ಕೊಡತೀನಿ ಮಾಮಾ. ಕೆಲಸ ಹೋಗತದ, ಹೋಗ್ಲಿ. ಪ್ರಾವಿಡೆಂಟ್ ಫಂಡ್ ಬರತದ. ಹಡಪಸರದಾಗ ಒಂದು ಜಾಗಾ ಅದ. ಎಷ್ಟು ಆಗತದೋ ಅಷ್ಟು..."

"ನೀ ನನಗ ರೊಕ್ಕ ಕೊಡತೀನಿ ಅಂದಿದ್ದೇನು?" ಭೀಮಣ್ಣನ ದನಿ ಏರಲಿಲ್ಲ. "ಮಾತು ಕೊಟ್ಟಿದ್ದಿ. ಕುರೀದು ಸರಕಾರ ಕೊಟ್ರ ತಗೋತೀನಿ, ಕಂಪನಿ ಕೊಟ್ರ ತಗೋತೀನಿ. ನಿನ್ನ ಕಡಿಂದ ತಗೊಳ್ಳಾಂಗಿಲ್ಲ. ಅದು ನಿನ್ನ ಮ್ಯಾಲ ಇರ್ಲಿ."

ಎದ್ದು, ಕೋಲು ಊರಿಕೊಂಡು, ಹಿಂಡಿನ ಆಚೆ ಬದಿಗೆ ಹೋಗಿ ನಿಂತ.

ಬಯಲಿನ ತಗ್ಗಿನಲ್ಲಿ ಪಾರವ್ವ ಕುಕ್ಕರಗಾಲಲ್ಲಿ ಕೂತಿದ್ದಳು. ಮರಿ ಕಳೆದುಕೊಂಡು ಉಳಿದಿದ್ದ ಎಂಟು ಕುರಿಗಳ ಕೆಚ್ಚಲು ಬಾತು ಕಲ್ಲಾಗಿತ್ತು. ಒಂದೊಂದನ್ನೇ ಮೊಳಕಾಲ ಸಂದಿಗೆ ಸಿಕ್ಕಿಸಿಕೊಂಡು ಹಾಲನ್ನು ಕೆಸರಿಗೆ ಹಿಂಡುತ್ತಿದ್ದಳು. ಕಟ್ಟೆಯ ಮೇಲೆ ಆದ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಸಿದ್ದಾರೂಢ ಹೋಗಿ, ಸರದಿಗೆ ನಿಂತಿದ್ದ ಒಂದು ಕುರಿಯ ಕಾಲು ಹಿಡಿದ. ಅದು ಕೊಸರಿತು.

ಪಾರವ್ವ ತಲೆಯೆತ್ತಲಿಲ್ಲ.

"ಬಿಡು," ಅಂದಳು. "ನಾ ಹಿಂಡತೀನಿ."

ಅವನು ಬಿಟ್ಟ.